ನೀರು ನೆರಳುಗಳನ್ನು ಕೇಳಿ ದಾರಿ ಹಾಕೋಣ

(ಬಳಗದ ಸೈಕಲ್ ಯಾತ್ರೆಯ ಪೂರ್ವಸಿದ್ಧತಾ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳನ್ನು ಸೈಕಲ್ಲಿನಲ್ಲಿ ಸುತ್ತಿ ಬರಬೇಕೆಂದು ನಮ್ಮ ಬಳಗ ತೀರ್ಮಾನಿಸಿದೆ. ಆ ದಾರಿಯನ್ನು ಗೊತ್ತುಪಡಿಸುವ ಬಗೆಯನ್ನು ಕುರಿತು ಮಾತನಾಡಲು ನನಗೆ ತಿಳಿಸಿದ್ದೀರಿ. ಹಿಂದಿನ ಸಭೆಯಲ್ಲಿ ಎರಡು ಅಭಿಪ್ರಾಯಗಳು ಕೇಳಿಬಂದವು. ಹೆದ್ದಾರಿಗಳನ್ನೇ ಹಿಡಿದು ಮೂರು ದಿನಗಳಲ್ಲಿ ಯಾತ್ರೆಯನ್ನು ಮುಗಿಸೋಣ ಎಂಬುದು ಒಂದು. ಆ ಒಣಗುಡ್ಡಗಳಲ್ಲಿ ಕಲ್ಲು ಮತ್ತು ಜಾಲಿಯನ್ನು ಬಿಟ್ಟರೆ ನೋಡುವುದೇನಿದೆ, ನಮ್ಮ ಘಟ್ಟದಲ್ಲೇ ತಿರುಗೋಣ ಎಂಬುದು ಇನ್ನೊಂದು. ಇವೆರಡನ್ನೂ ಒಪ್ಪಲು ನನಗೆ ಸಾಧ್ಯವಾಗುತ್ತಿಲ್ಲ. ಕಾರಣಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಎರಡನೆಯ ಮಾತನ್ನೇ ತೆಗೆದುಕೊಳ್ಳೋಣ. ತುಂಗೆಯೂ ಭದ್ರೆಯೂ ನಮ್ಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಕೂಡಲಿಯಲ್ಲಿ ಒಂದಾಗಿ, ಹರಿಹರವನ್ನು ದಾಟಿ, ಹರಪನಹಳ್ಳಿ ಮತ್ತು ಹಡಗಲಿ ತಾಲ್ಲೂಕುಗಳ ಅಂಚನ್ನು ತೊಳೆಯುತ್ತಾ ತುಂಗಭದ್ರಾ ಜಲಾಶಯವನ್ನು ಸೇರುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನಷ್ಟು ಮಳೆ ಸುರಿದರೆ ಈ ಐದು ತಾಲ್ಲೂಕುಗಳಿಗೆ 600ರ ಆಸುಪಾಸಿನಲ್ಲಿ ದೊರೆಯುತ್ತದೆ. ಒಂದೇ ನದಿಯ ಮೇಲಿನವರೂ ಕೆಳಗಿನವರೂ ಪರಸ್ಪರ ಮುಖ ನೋಡದೆ ಬದುಕುತ್ತಿದ್ದೇವೆ. ನಾವು ಇಲ್ಲಿ ಕಾಡು ಉಳಿಯಬೇಕು ಎನ್ನುವಾಗ ಅದು ಯಾರ ನೀರಿನ ಮಾತು ಎಂಬುದನ್ನು ಅಲ್ಲಿ ಹೋಗಿ ನೋಡಬೇಕಾಗಿದೆ. 1987–88ರ ‘ಪಶ್ಚಿಮ ಘಟ್ಟ ಉಳಿಸಿ’ ಪಾದಯಾತ್ರೆಯು ಘಟ್ಟದ ಉದ್ದಕ್ಕೂ ನಡೆದು ಕಾಡಿನ ಸ್ಥಿತಿಯನ್ನು ಜನರೆದುರು ಇಟ್ಟಿತು. ನಮ್ಮದು ಘಟ್ಟದಿಂದ ಇಳಿದು ನೀರಿನ ಹಿಂದೆ ಹೋಗುವ ಯಾತ್ರೆಯಾಗಲಿ.

ಇನ್ನು ಹೆದ್ದಾರಿಯ ಮಾತು. ಹೊಸಪೇಟೆಯಿಂದ ಕೂಡ್ಲಿಗಿಯ ಮೂಲಕ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿಯು ಲಾರಿಗಳ ದಾರಿ. ಅಲ್ಲಿ ವೇಗವಿದೆ, ನೆರಳಿಲ್ಲ. ದಾರಿ ಹಾಕುವವನು ಮೊದಲು ಕೇಳಬೇಕಾದದ್ದು ಎಷ್ಟು ಕಿಲೋಮೀಟರು ಎಂದಲ್ಲ. ನೀರೆಲ್ಲಿ, ನೆರಳೆಲ್ಲಿ ಎಂದು. ಇದು ನನ್ನ ಹೊಸ ಸಿದ್ಧಾಂತವೇನೂ ಅಲ್ಲ. ಮಾಘ ಮಾಸದಲ್ಲಿ ಕೊಟ್ಟೂರು ಬಸವೇಶ್ವರನ ತೇರಿಗೆ ಸಾವಿರಾರು ಜನ ನಡೆದೇ ಬರುತ್ತಾರೆ. ಅದೇ ಮಾಸದಲ್ಲಿ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕ ಕೇಳಲು ಜನ ಎತ್ತಿನ ಗಾಡಿಗಳನ್ನು ಕಟ್ಟಿಕೊಂಡು ಹೊರಡುತ್ತಾರೆ. ಕಾಲಿನಲ್ಲಿ ನಡೆಯುವವನಿಗೂ ಎತ್ತಿಗೂ ಬೇಕಾದದ್ದು ಕೆರೆ, ಬಾವಿ, ಹುಣಸೆಯ ತೋಪು, ದಾರಿಬದಿಯ ಅರವಟ್ಟಿಗೆ. ಆ ದಾರಿಗಳು ಶತಮಾನಗಳಿಂದ ನೀರು ನೆರಳುಗಳನ್ನು ಕೇಳಿಕೊಂಡೇ ಮೂಡಿದವು. ಕುರಿ ಕಾಯುವವರ ಜಾಡೂ ಹಾಗೆಯೇ. ಸೈಕಲ್ಲು ತುಳಿಯುವವನು ಈ ಸಾಲಿಗೆ ಸೇರಿದವನೇ ಹೊರತು ಲಾರಿಯ ಸಾಲಿಗಲ್ಲ.

ಭೂಪಟ ಬಿಡಿಸುವ ಮೊದಲು ಒಂದು ಎಚ್ಚರಿಕೆ. ಹಳೆಯ ಪಟಗಳಲ್ಲಿ ಈ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿ ಕಾಣಿಸುತ್ತವೆ. ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರ ಜೊತೆಗೆ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಆದ್ದರಿಂದ ಜಿಲ್ಲೆಯ ಹೆಸರನ್ನು ನಂಬದೆ ಊರಿನ ಹೆಸರನ್ನೇ ಹುಡುಕಬೇಕು.

ಈಗ ಏರಿಳಿತದ ವಿಚಾರ. ಘಟ್ಟದ ತಿರುವುಗಳಲ್ಲಿ ಬೆಳೆದ ನಮಗೆ ಅಲ್ಲಿನ ಏರು ಮೊದಲು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಅದು ಬೇರೊಂದು ಬಗೆಯ ಏರು. ಕಣ್ಣಿಗೆ ಸಮತಟ್ಟಾಗಿ ಕಾಣುವ ರಸ್ತೆ ಎರಡು ಮೂರು ಕಿಲೋಮೀಟರುಗಳವರೆಗೆ ನಿಧಾನವಾಗಿ ಏರಿ, ದಿಣ್ಣೆ ದಾಟಿ, ಹಳ್ಳಕ್ಕೆ ಇಳಿದು, ಮತ್ತೆ ಏರುತ್ತದೆ. ಕಾಲು ಸೋಲುವುದು ಇಂಥಲ್ಲಿಯೇ. ಕೂಡ್ಲಿಗಿಯ ಕಡೆ ಕೆಂಪು ಮಣ್ಣು, ಗುಂಡುಕಲ್ಲುಗಳ ಗುಡ್ಡ. ಹೊಳೆಯ ಕಡೆ ಇಳಿದಂತೆ ಕಪ್ಪು ಮಣ್ಣು, ಬಯಲು. ಒಟ್ಟಾರೆ ನೆಲ ತುಂಗಭದ್ರೆಯ ಕಡೆಗೆ ವಾಲಿದೆ. ಹಾಗಾಗಿ ಕೂಡ್ಲಿಗಿಯಲ್ಲಿ ಆರಂಭಿಸಿ ಹೊಳೆಯ ಕಡೆಗೆ ಸಾಗುವುದು ಲೇಸು. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳ ಮೂಲಕ ಹರಿಹರಕ್ಕೆ ಹೋಗುವ ರೈಲು ಹಳಿಯನ್ನು ಪಟದಲ್ಲಿ ಗಮನಿಸಿ. ರೈಲು ಕಡಿದಾದ ಏರನ್ನು ಹತ್ತಲಾರದು. ಹಳಿ ಹೋದ ಕಡೆ ಏರು ಸೌಮ್ಯವಾಗಿರುತ್ತದೆ. ಯಾರಿಗಾದರೂ ಆಯಾಸವಾದರೆ ಮರಳಲು ಆ ನಿಲ್ದಾಣಗಳು ಆಸರೆಯೂ ಹೌದು. ಸೈಕಲ್ ಒಯ್ಯಲು ಅವಕಾಶವಿದೆಯೇ ಎಂಬುದನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು.

ನಾನು ಸೂಚಿಸುವುದು ಆರು ದಿನಗಳ ದಾರಿ. ಮೊದಲ ದಿನ ಕೂಡ್ಲಿಗಿಯಿಂದ ಗುಡೇಕೋಟೆಗೆ ಹೋಗಿ ಬರುವುದು. ಎರಡನೆಯ ದಿನ ಉಜ್ಜಿನಿಯನ್ನು ಬಳಸಿ ಕೊಟ್ಟೂರು. ಹಂಪೆಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂದು ಆ ಕಡೆಯ ಜನ ಹೇಳುತ್ತಾರೆ. ಮರುಳಸಿದ್ಧೇಶ್ವರ ದೇಗುಲದ ಒಳಗಿನ ಕೆತ್ತನೆಯನ್ನು ನೋಡದೆ ಬರಬೇಡಿ. ಮೂರನೆಯ ದಿನ ಹಗರಿಬೊಮ್ಮನಹಳ್ಳಿ ಮತ್ತು ಅಂಕಸಮುದ್ರ. ನಾಲ್ಕನೆಯ ದಿನ ಮಲ್ಲಿಗೆಯ ಹೊಲಗಳ ಹಡಗಲಿ. ಐದನೆಯ ದಿನ ಹೊಳೆಯ ಅಂಚಿನ ಮೈಲಾರ, ಕುರುವತ್ತಿ. ಆರನೆಯ ದಿನ ಕಲ್ಯಾಣ ಚಾಲುಕ್ಯರ ಕಾಲದ ಕಲ್ಲೇಶ್ವರ ದೇಗುಲವಿರುವ ಬಾಗಳಿಯ ಮೂಲಕ ಹರಪನಹಳ್ಳಿ. ಉಚ್ಚಂಗಿದುರ್ಗವನ್ನೂ ಕಾಣಬೇಕೆನ್ನುವವರು ಒಂದು ದಿನ ಹೆಚ್ಚು ಇಟ್ಟುಕೊಂಡು ಸೈಕಲ್ಲನ್ನು ಬೆಟ್ಟದ ಕೆಳಗೇ ಬಿಟ್ಟು ಹತ್ತಬೇಕು.

ಇವುಗಳಲ್ಲಿ ಎರಡು ಸ್ಥಳಗಳ ಬಗ್ಗೆ ಹೆಚ್ಚು ಹೇಳಬೇಕು. ಗುಡೇಕೋಟೆಯ ಗುಡ್ಡಗಳು ಕರಡಿಧಾಮ. ನಮ್ಮ ಕಣ್ಣಿಗೆ ಬೋಳಾಗಿ ಕಂಡ ಕಲ್ಲುಬಂಡೆಗಳ ಸಂದುಗಳೇ ಕರಡಿಯ ಮನೆ. ಗೆದ್ದಲು, ಇರುವೆ, ಜೇನು, ಕಾಡುಹಣ್ಣುಗಳೇ ಅದರ ಅಡುಗೆಮನೆ. ಸರ್ಕಾರಿ ಕಾಗದಗಳಲ್ಲಿ ಬಂಜರು ಎಂದು ಬರೆದ ಭೂಮಿ ಯಾರಿಗೂ ಬಂಜರಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ. ಆದರೆ ಸೈಕಲ್ಲು ಸದ್ದಿಲ್ಲದ ವಾಹನ. ಕರಡಿಯ ಕಣ್ಣು ಮಂದ. ಹತ್ತಿರದಲ್ಲಿ ಹಠಾತ್ತನೆ ಎದುರಾದರೆ ಅದು ಬೆದರಿ ಮೇಲೆ ಬೀಳುತ್ತದೆ. ಆದ್ದರಿಂದ ಬೆಳಕು ಹರಿದ ಮೇಲೆಯೇ ಹೊರಡುವುದು, ಸೂರ್ಯ ಇಳಿಯುವ ಮೊದಲೇ ಕೂಡ್ಲಿಗಿಗೆ ಮರಳುವುದು, ತಿರುವುಗಳಲ್ಲಿ ಗಂಟೆ ಬಾರಿಸುವುದು, ಗುಂಪು ಬಿಟ್ಟು ಹೋಗದಿರುವುದು ಕಡ್ಡಾಯ. ಧಾಮದ ಒಳಗೆ ಹೋಗುವ ವಿಚಾರವನ್ನು ಅರಣ್ಯ ಇಲಾಖೆಯನ್ನು ಕೇಳದೆ ಮಾಡಬಾರದು.

ಎರಡನೆಯದು ಅಂಕಸಮುದ್ರ. ಇದು ಸುಮಾರು 99 ಹೆಕ್ಟೇರ್ ವಿಸ್ತಾರದ, ಶತಮಾನಗಳ ಹಿಂದೆ ಹೊಲಗಳಿಗಾಗಿ ಕಟ್ಟಿದ ಊರ ಕೆರೆ. ಕೆರೆಯಂಗಳದ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಇತರ ನೀರುಹಕ್ಕಿಗಳೂ ಸಂಸಾರ ಹೂಡುತ್ತವೆ. 2024ರ ಜನವರಿಯಲ್ಲಿ ಇದು ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿತು. ನಮ್ಮ ಅಘನಾಶಿನಿಯ ಅಳಿವೆಯೂ ಅದೇ ಸಂದರ್ಭದಲ್ಲಿ ಸೇರಿತು ಎಂಬುದನ್ನು ನೆನಪಿಡಿ. ಸಮುದ್ರಕ್ಕೆ ತಡೆಯಿಲ್ಲದೆ ಸೇರುವ ಮಲೆನಾಡಿನ ಹೊಳೆ, ಒಣನಾಡಿನಲ್ಲಿ ಹಳ್ಳಿಗರು ಏರಿ ಹಾಕಿ ನಿಲ್ಲಿಸಿದ ನೀರು, ಎರಡಕ್ಕೂ ಒಂದೇ ಮನ್ನಣೆ. ಕೆರೆಯ ಏರಿಯ ಮೇಲೆ ಮೌನವಾಗಿ ನಿಂತು ನೋಡಬೇಕು. ಗೂಡುಗಳ ಕಡೆಗೆ ಇಳಿಯಬಾರದು.

ಕಾಲದ ಆಯ್ಕೆ ಹೇಗೆ? ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ಬಲವಾಗಿ ಬೀಸುತ್ತದೆ. ಹರಪನಹಳ್ಳಿ ಸೀಮೆಯ ದಿಣ್ಣೆಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಹೊಳೆಯ ಕಡೆಗೆ ಹೋಗುವ ನಮಗೆ ಅದು ಎದುರುಗಾಳಿ, ಇಳಿಜಾರಿನಲ್ಲೂ ತುಳಿಯಬೇಕಾದೀತು. ಮಳೆ ಬಂದ ಕಪ್ಪು ಮಣ್ಣಿನ ಬಂಡಿದಾರಿಯಲ್ಲಂತೂ ಚಕ್ರಕ್ಕೆ ಮಣ್ಣು ಮೆತ್ತಿ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಮಾರ್ಚ್ ನಂತರದ ಬಿಸಿಲು ವಿದ್ಯಾರ್ಥಿಗಳಿಗೆ ತರವಲ್ಲ. ಡಿಸೆಂಬರ್, ಜನವರಿ ತಿಂಗಳುಗಳೇ ಯೋಗ್ಯ. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ತುಳಿದು, ಬಿಸಿಲಿಳಿಯುವವರೆಗೆ ಊರೊಂದರಲ್ಲಿ ತಂಗಿ, ಸಂಜೆ ಉಳಿದದ್ದನ್ನು ಮುಗಿಸಬೇಕು. ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರಿಗಿಂತ ಹೆಚ್ಚು ಬೇಡ. ಗೇರಿನ ಸೈಕಲ್ಲೇ ಬೇಕೆಂದಿಲ್ಲ. ಬ್ರೇಕು ಸರಿಯಿದ್ದರೆ ಶಾಲೆಗೆ ಹೋಗುವ ಸೈಕಲ್ಲೇ ಸಾಕು, ಏರಿನಲ್ಲಿ ಇಳಿದು ತಳ್ಳುವುದು ಅವಮಾನವಲ್ಲ.

ನಮ್ಮಲ್ಲಿ ಜಿಗಣೆ ಹೇಗೋ ಅಲ್ಲಿ ಮುಳ್ಳು ಹಾಗೆ. ನೆಲದಲ್ಲಿ ನೆಗ್ಗಿಲು, ಬೇಲಿಯಲ್ಲಿ ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಈ ಜಾಲಿಯ ತವರು ಅಮೆರಿಕ ಖಂಡ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ಬಂದು, ಉರುವಲಿಗೆಂದು ಬೆಳೆಸಿದ್ದು, ಬೀಜವನ್ನು ದನಕುರಿಗಳು ಹರಡಿದ್ದರಿಂದ ಗೋಮಾಳ, ಕೆರೆಯಂಗಳಗಳನ್ನೆಲ್ಲ ಆವರಿಸಿತು. ಬಡವರ ಒಲೆಗೆ ಅದೇ ಸೌದೆ; ಹುಲ್ಲುಗಾವಲಿಗೆ ಅದೇ ಮಾರಿ. ಹೀಗೆ ಒಂದೇ ಗಿಡದಲ್ಲಿ ಉಪಕಾರ ಅಪಕಾರಗಳೆರಡೂ ಇರುವುದನ್ನು ಕೃಷಿ ಓದುವ ವಿದ್ಯಾರ್ಥಿಗಳು ಅಲ್ಲಿ ನಿಂತು ಯೋಚಿಸಬೇಕು. ಯೋಚಿಸುವ ಮೊದಲು ಪಂಕ್ಚರ್ ತಿದ್ದಬೇಕಾಗುತ್ತದೆ! ಇಬ್ಬರಿಗೊಂದು ಪಂಪು, ತಲೆಗೊಂದು ಹೆಚ್ಚಿನ ಟ್ಯೂಬು, ಪ್ಯಾಚು, ಸೊಲ್ಯೂಷನ್, ಪಾನಾ ಇರಲಿ. ಸೈಕಲ್ಲನ್ನು ರಸ್ತೆಯ ಬದಿಯ ಮಣ್ಣಿಗೆ ಇಳಿಸದೆ ಎತ್ತಿ ಒಯ್ಯಿರಿ.

ಇಷ್ಟೂ ಸಿದ್ಧತೆಯ ಮಾತು. ಯಾತ್ರೆಯ ಫಲವೇನು ಎಂಬುದೇ ಮುಖ್ಯ. ಬಿಸಿಲಿನಲ್ಲಿ ತುಳಿಯುವವನಿಗೆ ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚು ನೀರು ಬೇಕು. ಎರಡು ಬಾಟಲಿ ಹೊತ್ತವನು ಎರಡು ಗಂಟೆಗೊಮ್ಮೆಯಾದರೂ ನೀರಿನ ತಾಣವನ್ನು ಮುಟ್ಟಲೇಬೇಕು. ಹೀಗಾಗಿ ನಮ್ಮ ದೇಹವೇ ಒಂದು ಮಾಪಕವಾಗುತ್ತದೆ. ಪ್ರತಿ ತಂಡವೂ ಒಂದು ಪುಸ್ತಕವಿಟ್ಟು, ಪ್ರತಿ ಐದು ಕಿಲೋಮೀಟರಿಗೆ ನಾಲ್ಕು ಸಂಗತಿಗಳನ್ನು ಬರೆಯಲಿ: ಕುಡಿಯುವ ನೀರು ಎಲ್ಲಿ ಸಿಕ್ಕಿತು, ದಾರಿಯ ನೆರಳಿನ ಮರಗಳು ಎಷ್ಟು, ಯಾವುವು, ಕಡಿದ ಬುಡಗಳು ಎಷ್ಟು, ಕೆರೆ ಅಥವಾ ಹಳ್ಳದಲ್ಲಿ ನೀರಿದೆಯೇ. ರಸ್ತೆ ಅಗಲವಾದ ಕಡೆ ಸಾಲುಮರ ಹೋಗಿರುತ್ತದೆ. ಕಾರಿನಲ್ಲಿ ಹೋಗುವವನಿಗೆ ಅದು ತಿಳಿಯದು. ಸೈಕಲ್ಲಿನವನಿಗೆ ನೀರೂ ನೆರಳೂ ಸಿಗದ ದಾರಿಯಲ್ಲಿ ಕುರಿಗಾಹಿಗೂ, ತಲೆಯ ಮೇಲೆ ಹೊರೆ ಹೊತ್ತ ಹೆಂಗಸಿಗೂ, ಶಾಲೆಗೆ ಹೋಗುವ ಹುಡುಗಿಗೂ ಅವು ಸಿಗುವುದಿಲ್ಲ. ವ್ಯತ್ಯಾಸವಿಷ್ಟೇ: ನಾವು ಆರು ದಿನ ಹೋಗಿಬರುತ್ತೇವೆ, ಅವರಿಗೆ ಅದು ನಿತ್ಯದ ದಾರಿ. ನಮ್ಮ ರಾಜ್ಯದಲ್ಲಿ 2006–07ರಿಂದ 8ನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು. 2020ರಲ್ಲಿ ಕೋವಿಡ್ ಬಂದಾಗ ಆ ವಿತರಣೆ ನಿಂತಿತು. ಸೈಕಲ್ ಕೊಡುವ ಲೆಕ್ಕದಲ್ಲಿ ಅದು ಓಡುವ ದಾರಿಯ ನೆರಳನ್ನು ಯಾರೂ ಸೇರಿಸಲಿಲ್ಲ.

ಯಾತ್ರೆ ಮುಗಿದ ಮೇಲೆ ಈ ಪುಸ್ತಕಗಳಿಂದ ಒಂದು ಪಟವನ್ನು ತಯಾರಿಸೋಣ. ಅದರ ಪ್ರತಿಯನ್ನು ನಾವು ದಾಟಿ ಬಂದ ಪ್ರತಿ ಗ್ರಾಮ ಪಂಚಾಯಿತಿಗೂ ಶಾಲೆಗೂ ಕಳಿಸೋಣ. ಇಂಥ ಎರಡು ಊರುಗಳ ನಡುವೆ ಮರವಿಲ್ಲ, ಬೇವು ಹುಣಸೆ ನೆಡಲು ಕ್ರಿಯಾಯೋಜನೆಯಲ್ಲಿ ಸೇರಿಸಿ ಎಂದು ಕೇಳಲು ಅಲ್ಲಿನ ಜನರ ಕೈಗೆ ಅದೊಂದು ಆಧಾರವಾಗಲಿ. ಅವರು ನಮಗೆ ಕೊಡುವ ನೀರಿಗೆ, ರೊಟ್ಟಿಗೆ ನಾವು ಸಲ್ಲಿಸಬಹುದಾದ ಋಣ ಅಷ್ಟು. ಬೇಗ ಮುಗಿಸುವ ದಾರಿಯನ್ನು ಆರಿಸಿದರೆ ಈ ಯಾವ ಕೆಲಸವೂ ಆಗುವುದಿಲ್ಲ. ಆದ್ದರಿಂದ ಆರು ದಿನಗಳ ದಾರಿಯನ್ನೇ ಒಪ್ಪಬೇಕೆಂದು ಸಭೆಯಲ್ಲಿ ವಿನಂತಿಸಿ, ನನ್ನ ಮಾತನ್ನು ಮುಗಿಸುತ್ತೇನೆ.