ಪಿಎಚ್‌ಡಿ ಆದಮೇಲೂ ಓದೋದಾ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಎಸ್ಸೆಸ್ಸೆಲ್ಸಿ ಆದಮೇಲೆ ಏನು ಓದಬೇಕು ಎಂದು ಹೇಳುವವರು ಬಹಳ ಜನ ಇದ್ದಾರೆ. ನಾನು ಅದಕ್ಕಿಂತ ತುಂಬ ಮೇಲಿನ ಒಂದು ಮೆಟ್ಟಿಲಿನ ಬಗ್ಗೆ ಹೇಳುತ್ತೇನೆ. ಅದರ ಹೆಸರು ಪೋಸ್ಟ್‌ಡಾಕ್. ಬಿ.ಇ. ಮುಗಿಸಿ ಕೆಲಸಕ್ಕೆ ಸೇರುವವರೆಗೂ ಈ ಪದವನ್ನೇ ನಾನು ಕೇಳಿರಲಿಲ್ಲ. ಮನೆಯಲ್ಲಿ ಹೇಳಿದಾಗ ನಮ್ಮ ಅಪ್ಪ ಕೇಳಿದ್ದು, "ಪಿಎಚ್‌ಡಿ ಆದಮೇಲೂ ಓದೋದಾ?"

ಓದುವುದಲ್ಲ, ಅದೊಂದು ಕೆಲಸ. ಪಿಎಚ್‌ಡಿ ಮುಗಿಸಿದವರು ಒಂದು ಪ್ರಯೋಗಾಲಯದಲ್ಲಿ ಎರಡು ಮೂರು ವರ್ಷ ಸಂಬಳ ಪಡೆದು ಸಂಶೋಧನೆ ಮಾಡುತ್ತಾರೆ. ಓದಿದ ವಿಷಯ ಬಿಟ್ಟು ಬೇರೆ ಕಡೆ ಹೊರಳುವುದಕ್ಕೂ ಅದೇ ಸಮಯ. ವೆಂಕಿ ರಾಮಕೃಷ್ಣನ್ ಪಿಎಚ್‌ಡಿ ಮಾಡಿದ್ದು ಭೌತಶಾಸ್ತ್ರದಲ್ಲಿ. ಆಮೇಲೆ ಜೀವಶಾಸ್ತ್ರವನ್ನು ಮತ್ತೆ ವಿದ್ಯಾರ್ಥಿಯಾಗಿ ಕಲಿತು, ಯೇಲ್ ವಿಶ್ವವಿದ್ಯಾಲಯದಲ್ಲಿ ಪೋಸ್ಟ್‌ಡಾಕ್ ಆಗಿದ್ದಾಗ ರೈಬೋಸೋಮ್ ಹಿಡಿದರು. 2009ರಲ್ಲಿ ನೊಬೆಲ್ ಬಂದದ್ದು ಅದಕ್ಕೇ.

ಈಗ ನಮ್ಮ ಹತ್ತಿರದ್ದೇ ಒಂದು ಉದಾಹರಣೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರವಿದೆ. ಅವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದವರನ್ನು ವರ್ಷಗಟ್ಟಲೆ ಗಮನಿಸುತ್ತಿದ್ದಾರೆ. ಗುರಿ 10,000 ಜನ. ರಕ್ತ, ವಂಶವಾಹಿ, ಮಿದುಳಿನ ಸ್ಕ್ಯಾನ್, ನೆನಪಿನ ಶಕ್ತಿ ಎಲ್ಲವೂ ಅಂಕಿಗಳಾಗಿ ಕಂಪ್ಯೂಟರಿಗೆ ಬರುತ್ತವೆ. ಮರೆವಿನ ಕಾಯಿಲೆ ಯಾರಿಗೆ, ಏಕೆ ಬರುತ್ತದೆ ಎಂದು ಹುಡುಕುವುದಕ್ಕೆ ಡಾಕ್ಟರೂ ಬೇಕು, ಅಂಕಿ ಬಲ್ಲವರೂ ಬೇಕು.

ಇನ್ನೊಬ್ಬರೂ ಬೇಕು. ಓದು ಬರಹ ಬಲ್ಲವರಿಗಾಗಿ ಮಾಡಿದ ನೆನಪಿನ ಪರೀಕ್ಷೆಯನ್ನು ಶಾಲೆ ಕಾಣದ ಅಜ್ಜಿಗೆ ಕೊಟ್ಟರೆ ಅಂಕ ಕಡಿಮೆಯೇ ಬರುತ್ತದೆ. ಅದೇ ಅಜ್ಜಿಗೆ ಇಡೀ ಊರಿನ ಸಾಲದ ಲೆಕ್ಕ ಬಾಯಲ್ಲಿರುತ್ತದೆ! ಅಂಥ ಅಜ್ಜಿಯ ಜೊತೆ ಬೆಳೆದವರು ಆ ಅಂಕವನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ನೀವು ಅಲ್ಲಿಗೆ ಹೋಗಬೇಕು ಎಂದು ನಾನು ಹೇಳುತ್ತಿರುವುದು ಇದಕ್ಕೇ.

ದುಡ್ಡಿನ ಮಾತನ್ನೂ ಆಡಿಬಿಡುತ್ತೇನೆ, ಹಿರಿಯರು ಕೇಳಿಯೇ ಕೇಳುತ್ತೀರಿ. ಗೇಟ್ ಅಥವಾ ನೆಟ್ ಪಾಸಾಗಿ ಪಿಎಚ್‌ಡಿಗೆ ಸೇರಿದರೆ, ಕೇಂದ್ರದ 2023ರ ಆದೇಶದಂತೆ ತಿಂಗಳಿಗೆ 37,000 ರೂಪಾಯಿ. ಪಿಎಚ್‌ಡಿ ಆದಮೇಲೆ ರಿಸರ್ಚ್ ಅಸೋಸಿಯೇಟ್‌ಗೆ 58,000ದಿಂದ 67,000. ಮನೆ ಬಾಡಿಗೆ ಭತ್ಯೆ ಬೇರೆ. ಸಾಫ್ಟ್‌ವೇರ್ ಸಂಬಳಕ್ಕೆ ಇದು ಸಮವಲ್ಲ. ಕೆಲಸ ಕಾಯಂ ಕೂಡ ಅಲ್ಲ, ಅವಧಿ ಮುಗಿದರೆ ಮತ್ತೆ ಹುಡುಕಬೇಕು. ಮನೆಯ ಮೇಲೆ ಸಾಲವಿದ್ದರೆ ಕಷ್ಟವೇ, ನಾನು ಬಿ.ಇ.ಗೇ ನಿಲ್ಲಿಸಿದ್ದು ಅದಕ್ಕೆ. ಆದರೆ ಪಿಎಚ್‌ಡಿಗೆ ನಾವೇ ದುಡ್ಡು ಕಟ್ಟಬೇಕು ಎಂದು ತಿಳಿದು ಸುಮ್ಮನಾದೆನಲ್ಲ, ಆ ತಪ್ಪು ತಿಳಿವಳಿಕೆ ನಿಮಗೆ ಬೇಡ.

ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ಎಲ್ಲರಿಗೂ ಬಾಗಿಲು ತೆರೆಯುತ್ತದೆ, ಟಿಕೆಟ್ ಇಲ್ಲ. ಹೆಡ್‌ಮಾಸ್ಟರ್ ಒಪ್ಪಿದರೆ ಒಂಬತ್ತನೇ ತರಗತಿಯವರಿಗೆ ಬಸ್ಸಿನ ಖರ್ಚು ನನ್ನದು. ಬುತ್ತಿ ನೀವು ಕಟ್ಟಿಕೊಂಡು ಬನ್ನಿ.