ಒಂದು ಗ್ರೋಸು ಕಡ್ಡಿ, ಎರಡು ಸೈಕಲ್ಲು

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಹಿಂದಿನ ಸಭೆಗಳಲ್ಲಿ ಬೋನಸ್ಸಿನ ಮಾತಾಯಿತು, ಪ್ರಾವಿಡೆಂಟ್ ಫಂಡಿನ ಮಾತಾಯಿತು. ಈ ಸಲ ಸೈಕಲ್ ಕಡ್ಡಿಯ ಮಾತು ಎಂದು ಬೋರ್ಡಿನ ಮೇಲೆ ಬರೆದದ್ದನ್ನು ನೋಡಿ ಕೆಲವರು ನಕ್ಕರಂತೆ. ನಗಲಿ. ಆದರೆ ನಕ್ಕವರಲ್ಲಿ ಅರ್ಧ ಜನ ಈ ಸಭೆಗೆ ಸೈಕಲ್ ಮೇಲೆಯೇ ಬಂದಿದ್ದಾರೆ. ಹೊರಗೆ ಗೋಡೆಗೆ ಒರಗಿಸಿರುವ ಆ ಸೈಕಲ್ಲುಗಳ ಹಿಂದಿನ ಚಕ್ರಗಳನ್ನು ಒಮ್ಮೆ ನೋಡಿಬನ್ನಿ. ಒಂದರಲ್ಲಿ ಎರಡು ಕಡ್ಡಿ ಇಲ್ಲ, ಇನ್ನೊಂದರಲ್ಲಿ ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ ಬಿಟ್ಟಿದ್ದಾರೆ.

ಬೆಳಗಿನ ನಾಲ್ಕೂವರೆಗೆ ಇಡ್ಲಿ ಹಬೆಗೆ ಇಡಬೇಕಾದವನಿಗೆ ಮೆಟ್ರೋ ಗಾಡಿ ಇನ್ನೂ ಎದ್ದಿರುವುದಿಲ್ಲ. ರಾತ್ರಿ ಪಾತ್ರೆ ತೊಳೆದು ಹೊರಡುವ ಕ್ಲೀನರಿಗೆ ಅದು ಮಲಗಿಬಿಟ್ಟಿರುತ್ತದೆ. ಮಿಲ್ಲಿನವರ ಕಥೆಯೂ ಬೇರೆಯಲ್ಲ. ಸುಪ್ರೀಂ ಕೋರ್ಟಿನ 1996ರ ಆಜ್ಞೆಯಿಂದ ದೆಹಲಿಯೊಳಗಿನ 168 ಕಾರ್ಖಾನೆಗಳು ಕೆಲಸ ನಿಲ್ಲಿಸಬೇಕಾಯಿತು. ಹಳೆಯ ಬಟ್ಟೆ ಗಿರಣಿಗಳೂ ಅದರಲ್ಲಿದ್ದವು. ಕೆಲಸ ಫರೀದಾಬಾದು, ಗಾಜಿಯಾಬಾದು, ನೋಯ್ಡಾಗಳ ಕಡೆಗೆ ಸರಿದಷ್ಟೂ ಕೋಣೆಗೂ ಗೇಟಿಗೂ ನಡುವಿನ ದಾರಿ ಉದ್ದವಾಯಿತು. ಆ ದಾರಿಯಲ್ಲಿ ಒಂದು ಕಡ್ಡಿ ಮುರಿದು, ಚಕ್ರ ಸೊಟ್ಟಗಾಗಿ ಬ್ರೇಕಿಗೆ ಉಜ್ಜತೊಡಗಿದರೆ, ಅರ್ಧ ಗಂಟೆ ತಡ. ಅರ್ಧ ಗಂಟೆ ತಡವಾದರೆ ಅರ್ಧ ದಿನದ ಸಂಬಳ ಹಿಡಿಯುವ ಮಾಲೀಕರು ಎಷ್ಟು ಜನ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆದುದರಿಂದ ಕಡ್ಡಿಯ ಮಾತೂ ಸಂಬಳದ ಮಾತೇ.

ಮೊದಲು ಲೆಕ್ಕ ನೋಡೋಣ. ಹಳೆಯ ಮಾದರಿಯ ಕರಿ ಸೈಕಲ್ಲಿನ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಒಟ್ಟು 72. ಈಗಿನ ಹುಡುಗರು ಓಡಿಸುವ ದಪ್ಪ ಟೈರಿನ 26 ಇಂಚಿನ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದೆ 36, ಹಿಂದೆ 36. ಅದೂ 72. ಸಗಟು ಅಂಗಡಿಯಲ್ಲಿ ಕಡ್ಡಿಯನ್ನು ಗ್ರೋಸಿನ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಗ್ರೋಸು ಎಂದರೆ ಹನ್ನೆರಡು ಡಜನ್, ಅಂದರೆ 144. ಅದರರ್ಧ 72. ಒಂದು ಗ್ರೋಸಿಗೆ ಸರಿಯಾಗಿ ಎರಡು ಸೈಕಲ್ಲು!

ಇಬ್ಬರು ಒಟ್ಟಿಗೆ ಹೋದರೆ ಸಗಟು ಬೆಲೆ ಸಿಗುತ್ತದೆ; ಒಬ್ಬೊಬ್ಬರೇ ಹೋಗಿ ಮೂರು ಕಡ್ಡಿ, ನಾಲ್ಕು ಕಡ್ಡಿ ಎಂದು ಕೇಳಿದರೆ ಬಿಡಿ ಬೆಲೆ. ಅಂಗಡಿಯವನು ಹೇಳಿದ ಗ್ರೋಸಿನ ಬೆಲೆಯನ್ನು 144ರಿಂದ ಭಾಗಿಸಿ, ನಿಮ್ಮ ಬೀದಿಯ ಬಿಡಿ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ನಾನು ಹೇಳುವ ಅಂಕಿಗಿಂತ ನೀವೇ ಮಾಡಿದ ಭಾಗಾಕಾರ ಹೆಚ್ಚು ಮಾತನಾಡುತ್ತದೆ.

ಎಲ್ಲರಿಗೂ ಎರಡೂ ಚಕ್ರ ಹೊಸದಾಗಿ ಕಟ್ಟಬೇಕೆಂದಿಲ್ಲ. ಕೆಡುವುದು ಹೆಚ್ಚಾಗಿ ಹಿಂದಿನ ಚಕ್ರ. ನಮ್ಮ ಭಾರ, ಕ್ಯಾರಿಯರಿನ ಮೇಲಿನ ಹಿಟ್ಟಿನ ಚೀಲದ ಭಾರ, ಚೈನಿನ ಎಳೆತ, ಎಲ್ಲವೂ ಅದರ ಮೇಲೆ. ಕರಿ ಸೈಕಲ್ಲಿನ ಮೂರು ಜನ ಸೇರಿದರೆ ಮೂರು ಹಿಂದಿನ ಚಕ್ರಕ್ಕೆ 120 ಕಡ್ಡಿ, 24 ಉಳಿಯುತ್ತದೆ. 36ರ ಚಕ್ರದವರಾದರೆ ನಾಲ್ಕು ಜನಕ್ಕೆ ಸರಿಯಾಗಿ ಒಂದು ಗ್ರೋಸು.

ಇನ್ನು ಕಡ್ಡಿ ಏಕೆ ಮುರಿಯುತ್ತದೆಂಬುದನ್ನು ತಿಳಿಯಬೇಕು. ಊರಿನ ಎತ್ತಿನ ಗಾಡಿಯ ಚಕ್ರದಲ್ಲಿ ಗುಂಬಕ್ಕೂ ಅಂಚಿಗೂ ನಡುವೆ ದಪ್ಪ ಮರದ ಅರೆಗಳಿವೆ. ಅವು ಕಂಬದ ಹಾಗೆ ನಿಂತು ಭಾರ ಹೊರುತ್ತವೆ. ಸೈಕಲ್ಲಿನ ಕಡ್ಡಿ ಹಾಗಲ್ಲ. ಎರಡು ಮಿಲಿಮೀಟರ್ ದಪ್ಪದ ತಂತಿ ಕಂಬವಾಗಿ ನಿಲ್ಲಲಾರದು, ಬಾಗಿಹೋಗುತ್ತದೆ. ಅದು ಎಳೆಯುತ್ತದೆ, ಅಷ್ಟೆ. ಸುತ್ತಲೂ ಎಲ್ಲ ಕಡ್ಡಿಗಳೂ ಬಿಗಿಯಾಗಿ ಎಳೆದು ಹಿಡಿದಿರುವುದರಿಂದ ರಿಮ್ಮು ದುಂಡಗಿರುತ್ತದೆ. ಇಂಥ ತಂತಿ ಚಕ್ರದ ಯೋಚನೆ ಇಂಗ್ಲೆಂಡಿನ ಜಾರ್ಜ್ ಕೇಯ್ಲಿ ಎಂಬಾತನಿಗೆ 1808ರಲ್ಲೇ ಬಂದಿತ್ತು. ಕಡ್ಡಿಗಳನ್ನು ನೇರವಾಗಿ ನಿಲ್ಲಿಸದೆ ಒಂದರ ಮೇಲೊಂದು ಓರೆಯಾಗಿ ಹಾಯಿಸುವ ಉಪಾಯವನ್ನು ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಮಾಡಿಸಿದ. ನಮ್ಮ ಸೈಕಲ್ಲಿನಲ್ಲಿ ಇಂದಿಗೂ ಅದೇ ಹೆಣಿಗೆ.

ಒಂದು ಕಡ್ಡಿ ಸಡಿಲವಾದರೆ ಅದರ ಪಾಲಿನ ಎಳೆತ ಪಕ್ಕದ ಕಡ್ಡಿಗಳ ಮೇಲೆ ಬೀಳುತ್ತದೆ. ಸಡಿಲವಾದದ್ದು ಪ್ರತಿ ಸುತ್ತಿನಲ್ಲೂ ಹಿಂದೆ ಮುಂದೆ ಬಾಗಿ ಬಾಗಿ, ಹಬ್ಬಿನ ತೂತಿನ ಬಳಿ ಮೊಣಕೈಯಂತೆ ಬಗ್ಗಿರುವ ಜಾಗದಲ್ಲಿ ಸೀಳುತ್ತದೆ. ತಂತಿಯನ್ನು ಕೈಯಲ್ಲಿ ಹತ್ತು ಸಲ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಅಪಘಾತದಲ್ಲಿ ಒಂದು ಮುರಿದರೆ ಒಂದನ್ನೇ ಹಾಕಿ. ಆದರೆ ತಿಂಗಳಿಗೊಂದರಂತೆ ಮೂರು ನಾಲ್ಕು ಕಡ್ಡಿ ಅದೇ ಬಾಗಿದ ಜಾಗದಲ್ಲಿ ಮುರಿದಿದ್ದರೆ, ಉಳಿದವೂ ಅಷ್ಟೇ ವಯಸ್ಸಿನವು, ಅಷ್ಟೇ ದಣಿದವು. ಆಗ ಒಂದೊಂದನ್ನೇ ಬದಲಿಸುತ್ತಾ ಪ್ರತಿ ಸಲ ಕೂಲಿ ಕೊಡುವುದು ದಂಡ. ಇಡೀ ಚಕ್ರಕ್ಕೆ ಹೊಸ ಕಡ್ಡಿ ಹಾಕುವುದೇ ಅಗ್ಗ.

ಅದಕ್ಕೂ ಮುಂಚೆ ರಿಮ್ಮನ್ನು ನೋಡಿ. ಕಡ್ಡಿಯ ತೂತಿನ ಸುತ್ತ ಬಿರುಕು ಬಿಟ್ಟಿದ್ದರೆ, ಗುಂಡಿಗೆ ಬಿದ್ದು ಅಂಚು ಒಳಕ್ಕೆ ಹೋಗಿದ್ದರೆ, ಆ ರಿಮ್ಮಿಗೆ ಹೊಸ ಕಡ್ಡಿ ಹಾಕಿದ ಹಣ ನೀರುಪಾಲು.

ಈಗ ಕೊಳ್ಳುವ ವಿಷಯ. ದೆಹಲಿಯಲ್ಲಿ ಸೈಕಲ್ ಸಾಮಾನಿಗೆ ಹೆಸರಾದ ಜಾಗ ಎರಡು: ಒಂದು ಝಂಡೇವಾಲಾನ್, ಇನ್ನೊಂದು ಚಾಂದನಿ ಚೌಕದ ಬಳಿಯ ಎಸ್ಪ್ಲನೇಡ್ ರೋಡು. ಎರಡಕ್ಕೂ ಮೆಟ್ರೋ ಇದೆ. ಮೊದಲನೆಯದಕ್ಕೆ ಝಂಡೇವಾಲಾನ್ ನಿಲ್ದಾಣ, ಎರಡನೆಯದಕ್ಕೆ ಲಾಲ್ ಕಿಲಾ ನಿಲ್ದಾಣ. ಅಂಗಡಿಗಳಲ್ಲಿ ಕಡ್ಡಿಗೆ 'ತೀಲಿ' ಎನ್ನುತ್ತಾರೆ. ನಮ್ಮ ದೇಶದ ಸೈಕಲ್ ಭಾಗಗಳ ದೊಡ್ಡ ತವರು ಪಂಜಾಬಿನ ಲೂಧಿಯಾನ. ಅಗ್ಗವಾಗಲಿ ಎಂದು ಲೂಧಿಯಾನಕ್ಕೇ ಹೋಗುವೆನೆಂದು ಒಬ್ಬರು ಕೇಳಿದರು. ಒಂದು ಗ್ರೋಸಿಗಾಗಿ ಹೋದರೆ ಉಳಿದದ್ದನ್ನು ರೈಲು ನುಂಗುತ್ತದೆ, ಜೊತೆಗೆ ಒಂದು ದಿನದ ಸಂಬಳವನ್ನೂ.

ಅಟ್ಲಾಸ್ ಸೈಕಲ್ ಇಟ್ಟುಕೊಂಡವರು ನಮ್ಮಲ್ಲಿ ಬಹಳ. 1951ರಲ್ಲಿ ಸೋನಿಪತ್ತಿನಲ್ಲಿ ಆರಂಭವಾದ ಆ ಕಂಪೆನಿಯ ಸಾಹಿಬಾಬಾದಿನ ಕಾರ್ಖಾನೆ 2020ರ ಜೂನ್ 3ರಂದು ನಿಂತಿತು. ಅದು ವಿಶ್ವ ಸೈಕಲ್ ದಿನ. ಆ ದಿನ ಬೆಳಿಗ್ಗೆ ಪಾಳಿಗೆ ಬಂದ ಕಾರ್ಮಿಕರು ಲೇ-ಆಫ್ ನೋಟೀಸನ್ನು ಓದಿ ಮನೆಗೆ ಹೋಗಬೇಕಾಯಿತು. ಅವರ ಕೈ ಮಾಡಿದ ಸೈಕಲ್ಲುಗಳು ಮಾತ್ರ ಇನ್ನೂ ಓಡುತ್ತಿವೆ. ಕಂಪೆನಿಯ ಕಡ್ಡಿ ಸಿಗದೆಂದು ಯಾರೂ ಹೆದರಬೇಕಿಲ್ಲ. ಕಡ್ಡಿಗೆ ಕಂಪೆನಿ ಮುಖ್ಯವಲ್ಲ. ಉದ್ದ, ದಪ್ಪ ಮತ್ತು ಸಂಖ್ಯೆ ಮುಖ್ಯ.

ಉದ್ದವನ್ನು ಅಳೆಯುವುದು ಹೀಗೆ. ಬಾಗಿದ ಮೊಣಕೈಯ ಒಳಬದಿಯಿಂದ ಮರೆಯ ತುದಿಯವರೆಗೆ. ತಲೆಯನ್ನು ಸೇರಿಸಬಾರದು. ಅಳತೆಪಟ್ಟಿ ಇಲ್ಲದವರು ಹಳೆಯ ಕಡ್ಡಿಯನ್ನೇ ಒಯ್ಯಿರಿ. ಆದರೆ ಒಂದನ್ನಲ್ಲ, ಮುಂದಿನ ಚಕ್ರದ್ದೊಂದು, ಹಿಂದಿನ ಚಕ್ರದ ಎಡಬಲ ಎರಡೂ ಕಡೆಯದು ಒಂದೊಂದು. ಮುಂದಿನದಕ್ಕೂ ಹಿಂದಿನದಕ್ಕೂ ಉದ್ದದಲ್ಲಿ ವ್ಯತ್ಯಾಸ ಇರಬಹುದು. ಗೇರಿನ ಸೈಕಲ್ಲಾದರೆ ಹಿಂದಿನ ಚಕ್ರದ ಫ್ರೀವೀಲ್ ಕಡೆಯ ಕಡ್ಡಿ ಒಂದೆರಡು ಮಿಲಿಮೀಟರ್ ಗಿಡ್ಡ. ಉದ್ದ ಎರಡು ಬಗೆಯಾದರೆ ಗ್ರೋಸನ್ನು ಅರ್ಧರ್ಧ ಮಾಡಿ ಕೊಡುವಂತೆ ಮೊದಲೇ ಮಾತನಾಡಿಕೊಳ್ಳಿ. ಉದ್ದ ಹೆಚ್ಚಾದರೆ ತುದಿ ನಿಪ್ಪಲ್ಲಿನಿಂದ ಹೊರಬಂದು ಟ್ಯೂಬನ್ನು ಚುಚ್ಚುತ್ತದೆ. ಕಡಿಮೆಯಾದರೆ ಮರೆ ಪೂರ್ತಿ ಹಿಡಿಯದೆ ನಿಪ್ಪಲ್ ಒಡೆಯುತ್ತದೆ.

ದಪ್ಪಕ್ಕೆ ಗೇಜು ಎನ್ನುತ್ತಾರೆ. ಇದರಲ್ಲಿ ಅಂಕಿ ಹೆಚ್ಚಾದಷ್ಟೂ ತಂತಿ ಸಣ್ಣ. 14 ಗೇಜು ಸುಮಾರು 2 ಮಿಲಿಮೀಟರ್, 12 ಗೇಜು ಸುಮಾರು 2.6. ಸಾಮಾನ್ಯ ಸೈಕಲ್ಲಿಗೆ 14 ಸಾಕು. ದಪ್ಪವಾದದ್ದೇ ಗಟ್ಟಿ ಎಂದು 12 ತಂದರೆ ಅದು ಹಬ್ಬಿನ ತೂತಿನಲ್ಲಿ ಹೋಗುವುದೇ ಇಲ್ಲ.

ಕಟ್ಟು ಕೈಗೆ ಬಂದ ಮೇಲೆ ಅಂಗಡಿಯ ಗಾಜಿನ ಮೇಲೆಯೇ ಪರೀಕ್ಷೆ ಮಾಡಿ. ತಲೆಗಳೆಲ್ಲ ಸಮವಾಗಿ ಕೂರುವಂತೆ ಕಟ್ಟನ್ನು ನಿಲ್ಲಿಸಿದರೆ, ಬೇರೆ ಉದ್ದದ ಕಡ್ಡಿ ಸೇರಿದ್ದರೆ ಮೇಲಿನ ತುದಿಯಲ್ಲಿ ತಾನಾಗಿ ಕಾಣುತ್ತದೆ. ನಾಲ್ಕಾರು ಕಡ್ಡಿಗಳಿಗೆ ನಿಪ್ಪಲ್ ಹಾಕಿ ಬೆರಳಿನಲ್ಲೇ ತಿರುಗಿಸಿ; ನುಣ್ಣಗೆ ಹೋಗಬೇಕು. ಬಾಗಿದ ಜಾಗದಲ್ಲಿ ಗೆರೆಯಂಥ ಸೀಳಿದ್ದರೆ ಬೇಡವೆನ್ನಿ. ಬೆಲೆಯಲ್ಲಿ ನಿಪ್ಪಲ್ ಸೇರಿದೆಯೋ ಇಲ್ಲವೋ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿ. ಸ್ಟೇನ್‌ಲೆಸ್ ಕಡ್ಡಿಗೆ ಬೆಲೆ ಹೆಚ್ಚು, ತುಕ್ಕು ಕಡಿಮೆ. ಹೋಟೆಲಿನ ಹಿತ್ತಲಲ್ಲಿ ಪಾತ್ರೆ ತೊಳೆದ ನೀರು ಹರಿಯುವ ಕಡೆ ಸೈಕಲ್ ನಿಲ್ಲಿಸುವವರಿಗೆ ಅದು ಲಾಭವೇ. ಒಣಗಿದ ಜಾಗದಲ್ಲಿ ನಿಲ್ಲಿಸುವವರಿಗೆ ಸತು ಹಚ್ಚಿದ ಸಾಧಾರಣ ಕಡ್ಡಿ ಸಾಕು. ಗುಜರಿಯಿಂದ ಹಬ್ ತನ್ನಿ, ಚೆನ್ನಾಗಿದ್ದರೆ ರಿಮ್ ತನ್ನಿ. ಹಳೆಯ ಕಡ್ಡಿ ಮಾತ್ರ ತರಬೇಡಿ. ಅದರ ದಣಿವು ಕಣ್ಣಿಗೆ ಕಾಣುವುದಿಲ್ಲ.

ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿಗೂ ಅದರ ಭಾಗಗಳಿಗೂ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿದಿದೆ. ಬಿಲ್ಲು ಕೇಳಿ, ಅದರಲ್ಲಿ ತೆರಿಗೆ ಎಷ್ಟು ಹಾಕಿದ್ದಾರೆ ನೋಡಿ.

ಕಟ್ಟುವ ಕೆಲಸವನ್ನು ಮಾತಿನಲ್ಲಿ ಪೂರ್ತಿ ಕಲಿಸಲಾಗದು, ಮುಖ್ಯವಾದದ್ದನ್ನು ಹೇಳುತ್ತೇನೆ. ಹಿಂದಿನ ಚಕ್ರವಾದರೆ ಎಲ್ಲಕ್ಕಿಂತ ಮೊದಲು ಫ್ರೀವೀಲನ್ನು ಬಿಚ್ಚಿ. ಕಡ್ಡಿಗಳನ್ನು ಮೊದಲೇ ಕತ್ತರಿಸಿಬಿಟ್ಟರೆ ಹಿಡಿದು ತಿರುಗಿಸಲು ರಿಮ್ಮಿನ ಆಸರೆ ಇರುವುದಿಲ್ಲ, ಫ್ರೀವೀಲ್ ಹಬ್ಬಿನಲ್ಲೇ ಉಳಿದುಬಿಡುತ್ತದೆ. ಹೆಣಿಗೆ ತಿಳಿಯದವರು ಎಲ್ಲ ನಿಪ್ಪಲ್ಲುಗಳನ್ನೂ ಸಡಿಲಿಸಿ, ಒಂದು ಹಳೆಯ ಕಡ್ಡಿ ತೆಗೆದು ಅದರ ದಾರಿಯಲ್ಲೇ ಒಂದು ಹೊಸದನ್ನು ಹಾಯಿಸಿ. ಹೀಗೆ ಒಂದೊಂದಾಗಿ ಮಾಡಿದರೆ ಹೆಣಿಗೆ ಕೆಡುವುದಿಲ್ಲ. ಬರಿಯ ಹಬ್ಬಿನಿಂದ ಕಟ್ಟುವವರು ಕಡ್ಡಿಗಳನ್ನು ನಾಲ್ಕು ಪಾಲು ಮಾಡಿಕೊಳ್ಳಿ: 32ಕ್ಕೆ ಎಂಟೆಂಟು, 36ಕ್ಕೆ ಒಂಬತ್ತೊಂಬತ್ತು, 40ಕ್ಕೆ ಹತ್ತು ಹತ್ತು. ಒಂದು ಪಾಲು ಹಬ್ಬಿನ ಒಂದು ಕಡೆಯ ತೂತುಗಳಲ್ಲಿ ಒಂದು ಬಿಟ್ಟು ಒಂದರಂತೆ ಹೋಗಿ, ರಿಮ್ಮಿನಲ್ಲಿ ಪ್ರತಿ ನಾಲ್ಕನೆಯ ತೂತಿಗೆ ಸೇರುತ್ತದೆ. ಇನ್ನೊಂದು ಚಕ್ರವನ್ನು ಎದುರಿಗಿಟ್ಟುಕೊಂಡು ನೋಡಿ ನೋಡಿ ಹಾಯಿಸಿ. ಅದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ.

ಬಿಗಿಮಾಡುವಾಗ ಆತುರ ಬೇಡ. ಮರೆಗೆ ಒಂದು ತೊಟ್ಟು ಎಣ್ಣೆ ಹಾಕಿ, ಎಲ್ಲ ನಿಪ್ಪಲ್ಲುಗಳನ್ನೂ ಮರೆ ಕಾಣದಷ್ಟು ತಿರುಗಿಸಿ, ಆಮೇಲೆ ಸುತ್ತಿಗೆ ಅರ್ಧರ್ಧ ತಿರುವು. ಟೈರಿನ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಬಿಗಿ. ಹಬ್ಬಿನ ಕಡೆಯಿಂದ ನೋಡಿದರೆ ಅದೇ ಉಲ್ಟಾ ಕಾಣುತ್ತದೆ. ಸೈಕಲ್ಲನ್ನು ತಲೆಕೆಳಗಾಗಿಸಿ ಚಕ್ರ ಕೂರಿಸಿ, ಫೋರ್ಕಿಗೆ ಬೆಂಕಿಕಡ್ಡಿ ಒಂದನ್ನು ಅಡ್ಡ ಹಿಡಿದು ತಿರುಗಿಸಿ. ರಿಮ್ಮು ಬಲಕ್ಕೆ ವಾಲಿದರೆ ಆ ಜಾಗದ ಎಡಗಡೆಯ ಕಡ್ಡಿ ಬಿಗಿ, ಬಲಗಡೆಯದು ಸಡಿಲ. ಒಂದು ಸಲಕ್ಕೆ ಕಾಲು ತಿರುವು ಮಾತ್ರ. ಆಮೇಲೆ ಜೋಡಿ ಕಡ್ಡಿಗಳನ್ನು ಕೈಯಲ್ಲಿ ಹಿಸುಕಿ, ಬೆರಳಿನಿಂದ ಮೀಟಿ. ಒಂದೇ ಕಡೆಯ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ನಾದ ಕೊಡಬೇಕು. ಒಂದು ವಾರ ಓಡಿಸಿ ಮತ್ತೆ ನೋಡಿ.

ಇಲ್ಲಿ ಒಬ್ಬರನ್ನು ಮರೆಯಬಾರದು. ಮರದ ಕೆಳಗೆ ಪಂಪು ಇಟ್ಟುಕೊಂಡು ಕೂತ ಮಿಸ್ತ್ರಿಯೂ ನಮ್ಮಂತೆಯೇ ಊರು ಬಿಟ್ಟು ಬಂದ ದುಡಿಮೆಗಾರ. ಅವನ ಅನ್ನಕ್ಕೆ ಕಲ್ಲು ಹಾಕುವುದು ನಮ್ಮ ಉದ್ದೇಶವಲ್ಲ. ಮೊದಲ ಚಕ್ರವನ್ನು ಅವನ ಪಕ್ಕದಲ್ಲೇ ಕೂತು ಕಟ್ಟಿ, ಕಲಿಸಿದ್ದಕ್ಕೆ ಒಪ್ಪಿದ ಹಣ ಕೊಡಿ. ಕೊನೆಯ ಬೆಂಡು ತೆಗೆಯುವುದಕ್ಕೆ ಅವನ ಕೈಯೇ ಬೇಕಾದರೆ ಚೌಕಾಸಿ ಮಾಡದೆ ಕೂಲಿ ಕೊಡಿ. ನಾವು ಉಳಿಸಬೇಕಾದದ್ದು ಬಿಡಿ ಮಾರಾಟದ ಲಾಭವನ್ನು, ಬಡವನ ಕೂಲಿಯನ್ನಲ್ಲ.

ಈಗ ನನ್ನ ಸೂಚನೆ. ಸಂಘದ ಹಣದಿಂದ ಒಂದು ನಿಪ್ಪಲ್ ಕೀ, ಒಂದು ಸ್ಕ್ರೂಡ್ರೈವರು, ಒಂದು ಫ್ರೀವೀಲ್ ಬಿಚ್ಚುವ ಸಲಕರಣೆ ಕೊಳ್ಳೋಣ. ಇವು ಎಲ್ಲರ ಕೋಣೆಯಲ್ಲೂ ಇರಬೇಕಾಗಿಲ್ಲ, ಸಂಘದ ಪೆಟ್ಟಿಗೆಯಲ್ಲಿ ಇದ್ದರೆ ಸಾಕು. ಕಡ್ಡಿ ಬೇಕಾದವರು ಕಾರ್ಯದರ್ಶಿಗಳ ಬಳಿ ಹೆಸರು, ಚಕ್ರದ ತೂತಿನ ಸಂಖ್ಯೆ, ಕಡ್ಡಿಯ ಉದ್ದ ಬರೆಸಿ ಹಣ ಕಟ್ಟಿ. ಒಂದೇ ಅಳತೆಯವರು ಸೇರಿ ಒಂದು ಗ್ರೋಸು ಆದಾಗ, ವಾರದ ರಜೆ ಇರುವ ಇಬ್ಬರು ಹೋಗಿ ತರಲಿ. ಬಿಲ್ಲನ್ನು ಬೋರ್ಡಿಗೆ ಅಂಟಿಸಲಿ. ಮೂವರಿಗೆ ಹಂಚಿ ಉಳಿದ ಇಪ್ಪತ್ತನಾಲ್ಕನ್ನು ಸಂಘ ಕೊಂಡುಕೊಂಡು ಇಟ್ಟುಕೊಳ್ಳಲಿ. ನಡುರಾತ್ರಿ ಕಡ್ಡಿ ಮುರಿದ ಯಾವನಾದರೂ ಬೆಳಗಿನ ಪಾಳಿಗೆ ಮುಂಚೆ ಬಂದು ಅಸಲು ಬೆಲೆಗೆ ಒಂದು ತೆಗೆದುಕೊಂಡು ಹೋಗಲಿ.

ಇದು ದೊಡ್ಡ ಹೋರಾಟವೇನಲ್ಲ. ಆದರೆ 144 ಕಡ್ಡಿಯನ್ನು ಒಟ್ಟಿಗೆ ಕೊಂಡು, ಜಗಳವಿಲ್ಲದೆ ಹಂಚಿಕೊಂಡು, ಲೆಕ್ಕ ಒಪ್ಪಿಸಲು ಬಂದರೆ, ನಾಳೆ ಅಕ್ಕಿಯನ್ನೂ ಹಾಗೆಯೇ ಕೊಳ್ಳಬಹುದು. ಹೆಸರು ಬರೆಸಲು ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ. ಹೊರಡುವ ಮುನ್ನ ನಿಮ್ಮ ನಿಮ್ಮ ಚಕ್ರದ ತೂತು ಎಣಿಸಿಕೊಂಡು ಬನ್ನಿ.