ನಾಮಫಲಕದ ಎರಡನೆಯ ಸಾಲು



ಸೊಲ್ಲಾಪುರಕ್ಕೆ ಕನ್ನಡವು ವಲಸೆ ಬಂದ ನುಡಿಯಲ್ಲ. 12ನೆಯ ಶತಮಾನದಲ್ಲಿ ಸಿದ್ಧರಾಮೇಶ್ವರರು ಇದೇ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದರು, ಕನ್ನಡದಲ್ಲಿ ವಚನ ನುಡಿದರು. ಅಕ್ಕಲಕೋಟೆಯ ಅನೇಕ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡವೇ. ಆದರೆ ಈ ಶಾಲೆಯಲ್ಲಿ ಅಕ್ಷರ ಕಲಿತ ಮಗುವಿಗೆ ಮನೆಯ ದಾರಿಯಲ್ಲಿ ಓದಿಕೊಳ್ಳಲು ಒಂದು ಕನ್ನಡ ಫಲಕ ಸಿಗುವುದೂ ಅಪರೂಪ.

ಇದಕ್ಕೆ ಕಾನೂನನ್ನು ದೂರುವಂತಿಲ್ಲ. ಮಹಾರಾಷ್ಟ್ರದಲ್ಲಿ 2022ರ ತಿದ್ದುಪಡಿಯಂತೆ ಅಂಗಡಿಯ ಫಲಕದಲ್ಲಿ ದೇವನಾಗರಿ ಲಿಪಿಯ ಮರಾಠಿ ಮೊದಲಿರಬೇಕು. ಬೇರೆ ನುಡಿಯ ಅಕ್ಷರ ಅದಕ್ಕಿಂತ ದೊಡ್ಡದಾಗಿರಬಾರದು. ಬೇರೆ ನುಡಿಯೇ ಕೂಡದೆಂದು ಅದು ಹೇಳಿಲ್ಲ. ನಾಡಭಾಷೆಗೆ ಮೊದಲ ಸಾಲನ್ನು ಗೌರವದಿಂದ ಬಿಟ್ಟುಕೊಡೋಣ. ಎರಡನೆಯ ಸಾಲನ್ನು ತೆರವಾಗಿಟ್ಟವರು ನಾವೇ. ಇಲ್ಲಿ ಕಲಿತು ಇಂದು ಅಂಗಡಿ ನಡೆಸುತ್ತಿರುವ ಹಳೆಯ ವಿದ್ಯಾರ್ಥಿಗಳೇ, ಆ ಸಾಲಿನಲ್ಲಿ ಕನ್ನಡ ಬರೆಸಿರಿ. ಶಾಲೆಯ ಪಾಠ ಬೀದಿಯಲ್ಲಿಯೂ ಮುಂದುವರಿಯಲಿ.